ಗೇಟಿನ ಡ್ರಾಯರಿನಲ್ಲಿದ್ದ ಕಿವಿಯೋಲೆ

ಹೆಂಗಸರ ವಾರ್ಡಿನಲ್ಲಿ ಕಳ್ಳತನ ಶುರುವಾಗಿತ್ತು. ಇವತ್ತು ಒಬ್ಬಳ ಫೋನು, ನಾಳೆ ಇನ್ನೊಬ್ಬಳ ಚೀಲ. ಒಂದು ದಿನವಂತೂ ಯಾವನೋ ಒಬ್ಬ ‘ನಾನು ರೋಗಿಯ ಅಣ್ಣ’ ಎಂದು ಹೇಳಿಕೊಂಡು ಒಳಗೆ ಬಂದು, ನಿದ್ದೆ ಹೋಗಿದ್ದ ಮುದುಕಿಯ ಬೆರಳಿನಿಂದ ಉಂಗುರ ಎಳೆದುಕೊಂಡು ಹೋದ. ಆಸ್ಪತ್ರೆ ದೊಡ್ಡದು, ಬಂದುಹೋಗುವವರು ಸಾವಿರ, ಯಾರ ಅಣ್ಣ ಯಾರು ಅಂತ ಯಾರಿಗೆ ಗೊತ್ತು? ವಾರ್ಡಿನವರೆಲ್ಲ ಸೇರಿ ಕೂಗಾಡಿದರು. ಕೂಗಾಡಿದ್ದು ತಪ್ಪಲ್ಲ ಬಿಡಿ. ಆ ಕೂಗಿಗೆ ಬಂದ ಮದ್ದು ಎಂಥದು ಅನ್ನುವುದೇ ಈ ಕಥೆ.

ಮದ್ದು ಎಂದರೆ ಒಂದು ಗೇಟು. ಆಳೆತ್ತರದ ಗಾಜಿನ ಬಾಗಿಲು, ಪಕ್ಕದಲ್ಲಿ ಒಂದು ಕಂಬ, ಕಂಬದ ಮೇಲೆ ಅಂಗೈಯಗಲದ ಕ್ಯಾಮೆರಾ. ಎದುರು ನಿಂತರೆ ಫೋಟೋ ತೆಗೆಯುತ್ತದೆ. ಒಂದು ಕ್ಷಣ ಯೋಚನೆ ಮಾಡಿದ ಹಾಗೆ ಮಾಡಿ, ಈ ಮುಖ ಗಂಡಸಿನದೋ ಹೆಂಗಸಿನದೋ ಎಂದು ಪರದೆಯ ಮೇಲೆ ಬರೆಯುತ್ತದೆ. ‘ಮಹಿಳೆ, ಶೇಕಡಾ 96’ ಎಂದು ಬಂದರೆ ಹಸಿರು ದೀಪ, ಬಾಗಿಲು ತೆರೆಯಿತು. ‘ಪುರುಷ’ ಎಂದು ಬಂದರೆ ಕೆಂಪು ದೀಪ, ಬಾಗಿಲು ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಎಲ್ಲರೂ ಬಂದು ನೋಡಿಕೊಂಡು ಹೋಗಬಹುದು. ಉಳಿದ ಹೊತ್ತಿನಲ್ಲಿ ರೋಗಿಯ ಹತ್ತಿರ ಕೂರಲು ಹೆಂಗಸರಿಗೆ ಮಾತ್ರ ಅವಕಾಶ.

ಆ ಗೇಟಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತವಳು ಗೇಟಮ್ಮ. ಈ ಯಂತ್ರ ಬರುವ ಮೊದಲಿನಿಂದಲೂ, ಹನ್ನೊಂದು ವರ್ಷ ವಾರ್ಡಿನ ಬಾಗಿಲಲ್ಲಿ ಅದೇ ಸ್ಟೂಲು, ಅದೇ ಮೇಜು, ಮೇಜಿಗೆ ಒಂದೇ ಡ್ರಾಯರು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ಗೇಟಮ್ಮನೇ. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ. ಯಾರಾದರೂ ಅತ್ತರೆ ತಡೆಯಲಾರಳು. ಈ ಗುಣವೇ ಮುಂದೆ ಅವಳಿಗೆ ಮುಳುವಾಯಿತು.

ಗೇಟು ಬಂದ ಮೂರನೇ ದಿನ ಒಬ್ಬ ಅಜ್ಜಿ ಬಂದರು. ತಲೆಕೂದಲು ಮೋಟು, ಗಲ್ಲದ ಮೇಲೆ ನಾಲ್ಕು ಬಿಳಿ ರೋಮ. ಕ್ಯಾಮೆರಾ ನೋಡಿತು. ‘ಪುರುಷ, ಶೇಕಡಾ 88.’

“ಏನಮ್ಮ ಹಾಗಂದ್ರೆ?” ಅಂದರು ಅಜ್ಜಿ.

“ನೀವು ಗಂಡಸಂತೆ ಅಜ್ಜಿ.”

“ಅಯ್ಯೋ ಇದರ ಬಾಯಿಗೆ ಮಣ್ಣು ಹಾಕ! ಆರು ಹೆತ್ತಿದೀನಿ ಕಣೇ!”

ಗೇಟಮ್ಮನ ಹತ್ತಿರ ಕೀಲಿ ಇತ್ತು. ಯಂತ್ರ ಬೇಡ ಎಂದರೂ ಕೈಯಲ್ಲೇ ಬಾಗಿಲು ತೆಗೆಯಬಹುದಿತ್ತು. ಆದರೆ ಹಾಗೆ ತೆಗೆದಾಗೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು: ಯಾರು, ಎಷ್ಟು ಹೊತ್ತಿಗೆ, ಯಂತ್ರ ಏನೆಂದಿತು, ಏಕೆ ತೆಗೆದಿರಿ. ಬರೆದ ಮೇಲೆ ಆಫೀಸಿನಿಂದ ಸಾಹೇಬರ ಫೋನು. “ಅಷ್ಟು ದೊಡ್ಡ ಯಂತ್ರಕ್ಕಿಂತ ನಿಮಗೆ ಜಾಸ್ತಿ ಗೊತ್ತಾ?” ಎಂದು ಒಂದು ಸಲ ಉಗಿಸಿಕೊಂಡಿದ್ದಳು. ಮತ್ತೆ ಯಾಕೆ ತಲೆನೋವು ಎಂದುಕೊಂಡು, ತನ್ನ ಕಿವಿಯ ಕ್ಲಿಪ್ಪಿನ ಓಲೆ ಎರಡನ್ನೂ ತೆಗೆದು ಅಜ್ಜಿಯ ಕಿವಿಗೆ ಸಿಕ್ಕಿಸಿದಳು. “ಈಗ ನಿಂತ್ಕೊಳ್ಳಿ.”

‘ಮಹಿಳೆ, ಶೇಕಡಾ 81.’ ಹಸಿರು ದೀಪ.

ಅಜ್ಜಿ ಬಿದ್ದು ಬಿದ್ದು ನಕ್ಕರು. ಗೇಟಮ್ಮನೂ ನಕ್ಕಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡಳು.

ಅಲ್ಲಿಂದ ಅದೇ ಪದ್ಧತಿಯಾಯಿತು. ರಸ್ತೆಬದಿಯ ಅಂಗಡಿಯಲ್ಲಿ ದೊಡ್ಡ ಕೆಂಪು ಕಲ್ಲಿನ ಒಂದು ಜೊತೆ ಕ್ಲಿಪ್ಪಿನ ಓಲೆ ಕೊಂಡು ತಂದು ಡ್ರಾಯರಿನಲ್ಲಿಟ್ಟಳು. ಕೆಂಪು ದೀಪ ಬಂದರೆ ಡ್ರಾಯರು ತೆಗೆಯುವುದು, ಓಲೆ ಕೊಡುವುದು. ಒಳಗೆ ಹೋದವಳು ಬರುವಾಗ ವಾಪಸು ಕೊಟ್ಟು ಹೋಗುವುದು. ಔಷಧಿಯಿಂದ ಕೂದಲು ಉದುರಿದವರು, ಹೇನಿಗೆ ಕತ್ತರಿಸಿಕೊಂಡವರು, ದಪ್ಪ ಹುಬ್ಬಿನವರು, ಅಗಲ ಮುಖದವರು, ಮಳೆಯಲ್ಲಿ ಟೋಪಿ ಹಾಕಿಕೊಂಡು ಬಂದವರು ಎಲ್ಲರಿಗೂ ಅದೇ ಓಲೆ. ಪುಸ್ತಕದಲ್ಲಿ ಒಂದಕ್ಷರ ಬರೆಯುವ ಕೆಲಸವಿಲ್ಲ, ಸಾಹೇಬರಿಂದ ಬೈಸಿಕೊಳ್ಳುವ ಭಯವಿಲ್ಲ.

ಆ ಓಲೆಯನ್ನು ಎಲ್ಲರಿಗಿಂತ ಹೆಚ್ಚು ಹಾಕಿಕೊಂಡವಳು ವೆಲ್ಡಿಂಗ್ ಅಕ್ಕ.

ಗ್ರಿಲ್ಲು, ಗೇಟು ಮಾಡುವ ಕಾರ್ಖಾನೆಯಲ್ಲಿ ಅವಳು ವೆಲ್ಡಿಂಗ್ ಕೆಲಸ ಮಾಡುತ್ತಿದ್ದಳು. ಒಂದು ಸಲ ಕಿಡಿ ಹಾರಿ ಜಡೆಗೆ ಹತ್ತಿಕೊಂಡಿದ್ದರಿಂದ ಕೂದಲನ್ನು ಬುಡಕ್ಕೇ ಕತ್ತರಿಸಿಕೊಂಡಿದ್ದಳು. ಅಗಲ ಭುಜ, ಮುಖದ ಮೇಲೆ ಯಾವಾಗಲೂ ಮಸಿ. ಅವಳ ತಂಗಿ ಹನ್ನೊಂದನೇ ಹಾಸಿಗೆಯಲ್ಲಿ ನಾಲ್ಕು ತಿಂಗಳಿಂದ ಮಲಗಿದ್ದಳು. ತಾಯಿ ತಂದೆ ಇಲ್ಲ, ಇನ್ನು ಯಾರೂ ಇಲ್ಲ. ಅಕ್ಕನಿಗೆ ತಂಗಿ, ತಂಗಿಗೆ ಅಕ್ಕ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಊಟದ ಬಿಡುವಿನಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿದ್ದಳು. ತಂಗಿಯ ಕೈ ಹಿಡಿದುಕೊಂಡು ಅರ್ಧ ಗಂಟೆ ಕೂತು ಹೋಗುತ್ತಿದ್ದಳು.

“ನಮ್ಮಕ್ಕನಿಗೆ ಗಂಡು ಹುಡುಕಿ ಹುಡುಕಿ ಎಲ್ಲರೂ ಸುಸ್ತಾಗಿದ್ರು,” ಎಂದು ತಂಗಿ ನಗಾಡುತ್ತಿದ್ದಳು. “ನೋಡಿದ್ರಾ ಗೇಟಮ್ಮ, ಅವಳೇ ಗಂಡು ಅಂತ ಈ ಯಂತ್ರ ಬಂದಮೇಲೆ ಗೊತ್ತಾಯ್ತು.”

ಒಂದು ದಿನ ಆ ತಂಗಿಯನ್ನೇ ಪಕ್ಕದ ಕಟ್ಟಡಕ್ಕೆ ಸ್ಕ್ಯಾನಿಗೆ ಕರೆದುಕೊಂಡು ಹೋಗಿ, ಗಾಲಿಕುರ್ಚಿಯಲ್ಲಿ ವಾಪಸು ತಂದರು. ತಲೆಯಲ್ಲಿ ಒಂದೆಳೆ ಕೂದಲಿಲ್ಲ. ‘ಪುರುಷ, ಶೇಕಡಾ 93.’ ಗೇಟಮ್ಮ ಓಡಿ ಬಂದು ಓಲೆ ಸಿಕ್ಕಿಸಿದಳು. ಹಸಿರು ಬಂತು. ತಂಗಿ ಮೊದಲು ನಕ್ಕಳು. ಆಮೇಲೆ ತಲೆಯ ಮೇಲೆ ನಿಧಾನವಾಗಿ ಕೈಯಾಡಿಸಿಕೊಂಡು, “ನಾನು ನನ್ನ ಹಾಸಿಗೆಗೆ ಹೋಗೋಕೂ ವೇಷ ಹಾಕ್ಬೇಕಾ ಗೇಟಮ್ಮ?” ಎಂದಳು. ಗೇಟಮ್ಮ ಗಾಲಿಕುರ್ಚಿ ತಳ್ಳಿದಳು.

ಗೇಟಮ್ಮನ ಮನೆಯಲ್ಲಿ ಮೂವರು. ಗಂಡ ದರ್ಜಿ, ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಗಂಡನ ತಂಗಿ, ಅಂದರೆ ಇವಳ ನಾದಿನಿ, ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಿದ್ದಳು. ಏನು ಕೆಲಸ ಎಂದು ಕೇಳಿದರೆ “ಮುಖ ನೋಡೋ ಕೆಲಸ” ಎನ್ನುತ್ತಿದ್ದಳು. ಒಂದು ರಜೆಯ ದಿನ ಬಟ್ಟೆ ಒಣಹಾಕುತ್ತ ಗೇಟಮ್ಮ ಓಲೆಯ ಕಥೆಯನ್ನು ರಸವತ್ತಾಗಿ ಹೇಳಿದಳು. ದರ್ಜಿ ಒಳಗಿನಿಂದಲೇ ನಕ್ಕ. ನಾದಿನಿ ನಗಲಿಲ್ಲ.

“ಅತ್ತಿಗೆ, ಎಷ್ಟು ಜನಕ್ಕೆ ಹಾಕಿದೀರಿ?”

“ಯಾರಮ್ಮ ಎಣಿಸ್ತಾರೆ? ವಾರಕ್ಕೆ ಹೊಸಬರೇ ನಾಲ್ಕೈದು ಜನ.”

“ಒಂದನ್ನೂ ಬರೆದಿಲ್ವಾ?”

“ಬರೆದು ಬೈಸ್ಕೊಳ್ಲಾ? ಎಲ್ಲ ಸುಸೂತ್ರವಾಗಿ ನಡೀತಿದೆಯಲ್ಲ.”

“ನಡೀತಿಲ್ಲ ಅತ್ತಿಗೆ, ನೀವು ನಡೆಸ್ತಿದೀರಿ. ದಡ್ಡ ಹುಡುಗನಿಗೆ ಪರೀಕ್ಷೆಯಲ್ಲಿ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡ್ತಿದೀರಿ. ಅವನಿಗೆ ನೂರಕ್ಕೆ ನೂರು ಬರುತ್ತೆ. ನಾಳೆ ನೀವಿಲ್ಲದಾಗ ಅವನ ಕೈಗೆ ಕೆಲಸ ಕೊಟ್ರೆ?”

“ನಾನ್ಯಾಕೆ ಇಲ್ದೇ ಇರ್ತೀನಿ? ಹನ್ನೊಂದು ವರ್ಷದಿಂದ ಅಲ್ಲೇ ಇದೀನಿ.”

“ತಪ್ಪು ಬರೆದಿಡಿ ಅತ್ತಿಗೆ. ಬರೀದೇ ಇದ್ರೆ ತಪ್ಪೇ ಆಗಿಲ್ಲ ಅಂತ ಆಗುತ್ತೆ.”

ಗೇಟಮ್ಮನಿಗೆ ಸಿಟ್ಟು ಬಂತು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ತನಗೆ ಬುದ್ಧಿ ಹೇಳುವುದೇ? “ನಾಲ್ಕು ಜನಕ್ಕೆ ಉಪಕಾರ ಮಾಡಿದ್ರೂ ತಪ್ಪು ಹುಡುಕ್ತೀಯಲ್ಲೇ,” ಎಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಆ ಮಾತು ಅಲ್ಲಿಗೇ ನಿಂತಿತು. ನಿಲ್ಲಬಾರದಿತ್ತು.

ಮೂರು ತಿಂಗಳಾಯಿತು. ಒಂದು ಸಂಜೆ ಸಾಹೇಬರು ಖುದ್ದಾಗಿ ಗೇಟಿನ ಹತ್ತಿರ ಬಂದರು. ಮುಖ ಅರಳಿತ್ತು. ಪುಸ್ತಕ ತೆಗೆದು ನೋಡಿದರು; ಮೊದಲ ಪುಟದಲ್ಲಿ ಒಂದು ಸಾಲು, ಆಮೇಲೆ ಎಲ್ಲ ಖಾಲಿ.

“ನೋಡಿ ಗೇಟಮ್ಮ, ಮೂರು ತಿಂಗಳಲ್ಲಿ ಒಂದೇ ಒಂದು ದೂರು! ನಾನು ಹೇಳಿರಲಿಲ್ವಾ? ಇಂಥ ಯಂತ್ರದ ಪಕ್ಕ ಒಬ್ಬರನ್ನ ಕೂರಿಸೋದು ದಂಡ. ನಾಳೆಯಿಂದ ನೀವು ವಾಹನ ನಿಲ್ಲಿಸೋ ಕಡೆ ನೋಡ್ಕೊಳ್ಳಿ. ಅಲ್ಲಿ ಜನ ಕಡಿಮೆ ಇದಾರೆ.”

“ಸಾಹೇಬ್ರೇ, ಇಲ್ಲಿ ಯಾರಿಗಾದ್ರೂ ತೊಂದ್ರೆ ಆದ್ರೆ?”

“ಗಂಟೆಯ ಗುಂಡಿ ಇದೆಯಲ್ಲ? ಒತ್ತಿದ್ರೆ ಆಫೀಸಿಗೆ ಕೇಳುತ್ತೆ. ನಮ್ಮ ಪರದೆಯಲ್ಲೂ ಮುಖ ಕಾಣುತ್ತೆ.”

ಆಗಲಾದರೂ ಓಲೆಯ ವಿಷಯ ಬಾಯಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೂರು ತಿಂಗಳು ಮುಚ್ಚಿಟ್ಟದ್ದನ್ನು ಈಗ ಹೇಳಿದರೆ ಕೆಲಸಕ್ಕೇ ಕುತ್ತು ಬಂದೀತು ಎಂದು ನುಂಗಿಕೊಂಡಳು. ಹೊರಡುವಾಗ ಹನ್ನೊಂದು ವರ್ಷದ ಅಭ್ಯಾಸದಂತೆ ಡ್ರಾಯರಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿಕೊಂಡಳು.

ಮರುದಿನ ಮಧ್ಯಾಹ್ನ ವಾಹನಗಳ ನಡುವೆ ನಿಂತಿದ್ದಾಗ ಜೇಬಿಗೆ ಕೈಹಾಕಿದವಳಿಗೆ ಕೀಲಿ ಸಿಕ್ಕಿತು. ಒಂದು ಗಂಟೆಯಾಗುತ್ತಿತ್ತು. ವೆಲ್ಡಿಂಗ್ ಅಕ್ಕ ಬರುವ ಹೊತ್ತು. ಓಲೆ ಡ್ರಾಯರಿನಲ್ಲಿ, ಕೀಲಿ ತನ್ನಲ್ಲಿ. ಓಡಿ ಹೋಗಿ ಕೊಟ್ಟು ಬರಲೇ ಎಂದುಕೊಂಡಳು. ಮೊದಲ ದಿನವೇ ಜಾಗ ಬಿಟ್ಟು ಹೋದರೆ ಏನೆಂದಾರು? ‘ಗುಂಡಿ ಒತ್ತಿದರೆ ಸಾಹೇಬರು ಬಿಡುತ್ತಾರೆ, ಅವರೂ ಮನುಷ್ಯರಲ್ಲವೇ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎದುರಿಗೆ ಒಬ್ಬ ಕಾರು ಅಡ್ಡ ನಿಲ್ಲಿಸಿದ. ಅವನ ಜೊತೆ ಜಗಳಕ್ಕೆ ನಿಂತಳು.

ನಾಲ್ಕು ಗಂಟೆಗೆ ಕೆಲಸ ಮುಗಿಸಿ ಗೇಟಿನ ಹತ್ತಿರ ಬಂದರೆ, ಅವಳ ಸ್ಟೂಲಿನ ಮೇಲೆ ವೆಲ್ಡಿಂಗ್ ಅಕ್ಕ ಕೂತಿದ್ದಳು. ಮಸಿ ಹತ್ತಿದ ಮುಖದಲ್ಲಿ ಎರಡು ಬಿಳಿ ಗೆರೆ, ಕಣ್ಣೀರು ಹರಿದು ಒಣಗಿದ್ದು. ಪಕ್ಕದಲ್ಲಿ ಟೀ ಮಾರುವವಳು ನಿಂತಿದ್ದಳು. ಅವಳೇ ಹೇಳಿದಳು.

ಹನ್ನೆರಡೂವರೆಗೆ ತಂಗಿಗೆ ಉಸಿರು ಕಟ್ಟಿತಂತೆ. ನರ್ಸು ಕಾರ್ಖಾನೆಗೆ ಫೋನು ಮಾಡಿ “ಬೇಗ ಬನ್ನಿ, ಕೇಳ್ತಿದಾರೆ” ಎಂದರಂತೆ. ಅಕ್ಕ ಕೈ ಕೂಡ ತೊಳೆಯದೆ ಸೈಕಲ್ ಏರಿ ಬಂದಳು. ಗೇಟಿನ ಮುಂದೆ ನಿಂತಳು. ‘ಪುರುಷ, ಶೇಕಡಾ 91.’ ಮತ್ತೆ ನಿಂತಳು, ಮುಖ ಒರೆಸಿಕೊಂಡು ನಿಂತಳು, ತಲೆ ಬಗ್ಗಿಸಿ ನಿಂತಳು. ಕೆಂಪು. ಡ್ರಾಯರು ಎಳೆದಳು, ಬೀಗ. ಗುಂಡಿ ಒತ್ತಿದಳು. ಆಫೀಸಿನ ದನಿ, “ಬೆಳಿಗ್ಗೆ ಎಂಟಕ್ಕೆ ಬನ್ನಿ ಸರ್, ಈಗ ಗಂಡಸರನ್ನ ಬಿಡಲ್ಲ” ಎಂದಿತು. ಗುರುತಿನ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿದಳು. “ಚೀಟಿ ಇದ್ರೆ ಆಫೀಸಿಗೆ ತಗೊಂಡು ಬಂದು ತೋರಿಸಿ” ಎಂದಿತು ದನಿ. ಆಫೀಸು ಇನ್ನೊಂದು ಕಟ್ಟಡದ ಎರಡನೇ ಮಹಡಿ. ಅಲ್ಲಿಗೆ ಓಡಿದಳು, ಅಲ್ಲಿ ಸಾಲು. ವಾಪಸು ಓಡಿ ಬಂದಳು. ಗಾಜಿಗೆ ಬಡಿದಳು. ತಂಗಿಯ ಫೋನಿಗೆ ಮಾಡಿದಳು. ಒಳಗೆ ಅದು ಹೊಡೆದುಕೊಳ್ಳುತ್ತಲೇ ಇತ್ತು, ತೆಗೆಯುವವರಿಲ್ಲ. ಕೊನೆಗೆ ಟೀಯವಳು ಬಂದು, ತಾನು ಹಸಿರು ದೀಪದಲ್ಲಿ ಒಳಗೆ ಹೋಗಿ, ನರ್ಸನ್ನು ಎಳೆದುಕೊಂಡು ಬಂದು ಬಾಗಿಲು ತೆಗೆಸಿದಳು.

ಅಷ್ಟರಲ್ಲಿ ನಲವತ್ತು ನಿಮಿಷವಾಗಿತ್ತು. ತಂಗಿ ಹೋಗಿ ಐದು ನಿಮಿಷವಾಗಿತ್ತು.

“ಬಾಗಿಲ ಕಡೆನೇ ನೋಡ್ತಿದ್ಲಂತೆ,” ಎಂದಳು ಟೀಯವಳು. “ಅಕ್ಕ ಬಂದ್ಲಾ, ಅಕ್ಕ ಬಂದ್ಲಾ ಅಂತ.”

ವೆಲ್ಡಿಂಗ್ ಅಕ್ಕ ತಲೆ ಎತ್ತಿ ಗೇಟಮ್ಮನನ್ನು ನೋಡಿದಳು. “ಓಲೆ ಎಲ್ಲಿಟ್ಟಿದ್ರಿ?” ಎಂದು ಕೇಳಿದಳು. ಬೈಯಲಿಲ್ಲ, ಕೂಗಲಿಲ್ಲ. ದಿನವೂ ಕೇಳುವ ಹಾಗೆಯೇ ಕೇಳಿದಳು.

ಗೇಟಮ್ಮ ಜೇಬಿನಿಂದ ಕೀಲಿ ತೆಗೆದು ತೋರಿಸಿದಳು.

ಆ ರಾತ್ರಿ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಗೇಟಮ್ಮ ಗೋಡೆಗೊರಗಿ ಕೂತಿದ್ದಳು. ನಾದಿನಿ ಪಕ್ಕದಲ್ಲಿ ಬಂದು ಕೂತಳು. ‘ನಾನು ಅವತ್ತೇ ಹೇಳಿದ್ದೆ’ ಎನ್ನಬಹುದಿತ್ತು, ಅನ್ನಲಿಲ್ಲ. ಅವಳ ದೊಡ್ಡತನ.

ದರ್ಜಿಯೇ ಮೊದಲು ಮಾತಾಡಿದ. “ಆದದ್ದು ಆಗಿಹೋಯ್ತು. ನಿಂದೇನು ತಪ್ಪು? ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ, ಅದಕ್ಕೆ ಕಂಡದ್ದು ಅದು ಹೇಳಿದೆ. ಸುಮ್ನೆ ಇರು, ಕೆಲಸ ಉಳಿಸ್ಕೋ.”

“ಅಣ್ಣಾ, ಫೋಟೋ ನೋಡಿ ಶರ್ಟು ಹೊಲಿದು ಕೊಡ್ತೀಯಾ?” ಎಂದಳು ನಾದಿನಿ.

“ಅದ್ಹೇಗಾಗುತ್ತೆ? ಆಳನ್ನ ಕರೆಸಿ ಅಳತೆ ತಗೋಬೇಕು. ಫೋಟೋದಲ್ಲಿ ತೋಳು ಉದ್ದ ಕಾಣುತ್ತೆ, ಇರೋದು ಮೋಟು.”

“ಫೋಟೋ ನೋಡಿ ಶರ್ಟೇ ಹೊಲಿಯೋಕಾಗಲ್ಲ. ಆದ್ರೆ ಒಬ್ಬ ಮನುಷ್ಯ ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡಿ ಬಾಗಿಲು ಹಾಕಬಹುದಾ?”

ಗೇಟಮ್ಮ ಗೋಡೆಯಿಂದ ಮುಂದಕ್ಕೆ ಬಾಗಿದಳು.

“ಅದಕ್ಕೆ ಹೇಗೆ ಗೊತ್ತಾಗುತ್ತೆ ಹೇಳೇ. ಓಲೆ ಹಾಕಿದ್ರೆ ಹೆಣ್ಣು, ತೆಗೆದ್ರೆ ಗಂಡು. ಯಾರು ಕಲಿಸಿದ್ದು ಅದಕ್ಕೆ?”

“ನಾನೇ ಅತ್ತಿಗೆ,” ಎಂದಳು ನಾದಿನಿ. “ಇದಕ್ಕೋ, ಇಂಥದ್ದೇ ಇನ್ನೊಂದಕ್ಕೋ. ಮುಖ ನೋಡೋ ಕೆಲಸ ಅಂತೀನಲ್ಲ, ಅದು ಇದೇ. ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಮುಂದೆ ಫೋಟೋ ಬರ್ತಾ ಇರುತ್ತೆ. ಕೆಳಗೆ ಎರಡು ಬಟನ್ನು. ಗಂಡು, ಹೆಣ್ಣು. ಒಂದು ಫೋಟೋಗೆ ಮೂರು ಸೆಕೆಂಡು. ನೋಡೋದು, ಒತ್ತೋದು. ಹಾಗೆ ಒತ್ತಿದ ಲಕ್ಷಾಂತರ ಫೋಟೋನ ಯಂತ್ರಕ್ಕೆ ತಿನ್ನಿಸ್ತಾರೆ. ಅದು ಏನು ಕಲಿಯುತ್ತೆ? ಉದ್ದ ಕೂದಲು ಕಂಡ್ರೆ ಹೆಣ್ಣು, ಕಿವಿ ಹತ್ರ ಏನಾದ್ರೂ ಹೊಳೆದ್ರೆ ಹೆಣ್ಣು, ದಪ್ಪ ಹುಬ್ಬು ಕಂಡ್ರೆ ಗಂಡು, ಮಸಿ ಮುಖ ಕಂಡ್ರೆ ಗಂಡು.”

“ಆ ಫೋಟೋದವರನ್ನ ಯಾರಾದ್ರೂ ಕೇಳ್ತಾರಾ, ನೀವು ಯಾರು ಅಂತ?”

“ಯಾರನ್ನ ಕೇಳೋದು? ಅವರು ಎಲ್ಲಿದಾರೋ.”

“ಅಂದ್ರೆ ನೀನು ಒತ್ತೋದೂ ಊಹೆ.”

“ಊಹೆನೇ. ನನ್ನ ಊಹೇನ ನೋಡ್ಕೊಂಡು ಅದು ಊಹೆ ಮಾಡುತ್ತೆ. ನನಗೆ ಗೊತ್ತಾಗದ ಮುಖ ಬಂದ್ರೆ ದಾಟಿಸಿ ಮುಂದೆ ಹೋಗು ಅಂದಿದಾರೆ. ಹಾಗೆ ದಾಟಿಸಿದ ಮುಖಗಳನ್ನ ಅದು ನೋಡೇ ಇರಲ್ಲ. ನಿಮ್ಮ ಅಜ್ಜಿ, ನಿಮ್ಮ ವೆಲ್ಡಿಂಗ್ ಅಕ್ಕ, ಕೂದಲು ಉದುರಿದ ಆ ತಂಗಿ, ಇವರನ್ನೆಲ್ಲ ನಾವೇ ದಾಟಿಸಿಬಿಟ್ಟಿರ್ತೀವಿ. ಇನ್ನು ಆ ಎರಡು ಬಟನ್ನಿಗೂ ಸೇರದ ಜನ ಇದಾರೆ ಅತ್ತಿಗೆ. ಅವರಿಗೆ ಬಟನ್ನೇ ಇಲ್ಲ.”

“ಮತ್ತೆ ತೊಂಬತ್ತೊಂದು ಅಂತ ಲೆಕ್ಕ ಕೊಡುತ್ತಲ್ಲ?”

“ಅದು ಎಷ್ಟು ಜೋರಾಗಿ ಹೇಳ್ತಿದೆ ಅಂತ, ಅಷ್ಟೇ. ಈ ಮನುಷ್ಯರ ವಿಷಯದಲ್ಲಿ ಅದು ನಿಜ ಅಂತಲ್ಲ. ಗೊತ್ತಿಲ್ಲದವರೂ ಜೋರಾಗಿ ಹೇಳಬಹುದು. ನಮ್ಮಣ್ಣನ್ನೇ ನೋಡಿ.”

ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ. ಗೇಟಮ್ಮ ಎದ್ದು ಹೋಗಿ, ದರ್ಜಿ ಅಳತೆ ಬರೆದಿಡುವ ಪುಸ್ತಕ ತಂದಳು. ನೆನಪಿದ್ದವರನ್ನೆಲ್ಲ ಬರೆಯತೊಡಗಿದಳು. ಆರು ಹೆತ್ತ ಅಜ್ಜಿ. ಶಾಲೆಯ ಟೀಚರು. ಟೋಪಿ ಹಾಕಿದ್ದ ಹುಡುಗಿ. ಹನ್ನೊಂದನೇ ಹಾಸಿಗೆಯವಳು, ಗಾಲಿಕುರ್ಚಿಯಲ್ಲಿ. ಬರೆಯುತ್ತ ಬರೆಯುತ್ತ ಅಳುತ್ತಿದ್ದಳು. ನನ್ನ ಉಪಕಾರವೇ ಅವಳನ್ನು ಕೊಂದಿತಲ್ಲ, ಕೊನೆಗಾಲದಲ್ಲಿ ಒಂದು ಕೈ ಹಿಡಿಯಲು ಬಿಡಲಿಲ್ಲವಲ್ಲ ಎಂದು ಎದೆ ಬಡಿದುಕೊಂಡಳು. ನಾದಿನಿ ಹೆಗಲು ಹಿಡಿದುಕೊಂಡಳು. “ಅವರನ್ನ ಕೊಂದದ್ದು ರೋಗ ಅತ್ತಿಗೆ. ಆದ್ರೆ ಒಂಟಿಯಾಗಿ ಸಾಯಿಸಿದ್ದು ಮಾತ್ರ ನಾವೆಲ್ಲ ಸೇರಿ,” ಎಂದಳು.

ದರ್ಜಿ ಕತ್ತರಿ ಕೆಳಗಿಟ್ಟು ಹತ್ತಿರ ಬಂದ. “ಮಂಗಳವಾರ ಊಟ ಮಾಡ್ತಾ ಹೇಳಿದ್ಯಲ್ಲ, ಬಾಣಂತಿಯ ಚಿಕ್ಕಮ್ಮ, ದಪ್ಪ ಧ್ವನಿಯವರು. ಅವರನ್ನ ಬಿಟ್ಟಿದೀಯ. ಬರಿ,” ಎಂದ.

ಮೂವತ್ತೆಂಟು ಜನರಾದರು. ನೆನಪಾಗದವರು ಇನ್ನೆಷ್ಟೋ.

ಮಾರನೆಯ ದಿನ ಆ ಪುಸ್ತಕ ಹಿಡಿದು ಗೇಟಮ್ಮ ಸಾಹೇಬರ ಮುಂದೆ ನಿಂತಳು. ಸಾಹೇಬರು ತಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದರು. ಯಂತ್ರ ತಾನೇ ಬರೆದುಕೊಂಡ ದಿನದ ವರದಿ. ಹಿಂದಿನ ದಿನದ ಮುಂದೆ ಹೀಗಿತ್ತು: ‘ಮಧ್ಯಾಹ್ನ 12.55ರಿಂದ 1.35. ಒಳಬರಲು ಯತ್ನಿಸಿದ ಪುರುಷ: ಒಬ್ಬ. ಯಶಸ್ವಿಯಾಗಿ ತಡೆಯಲಾಗಿದೆ.’

ಗೇಟಮ್ಮ ಅದನ್ನು ಎರಡು ಸಲ ಓದಿದಳು. ತಂಗಿಯ ಕೈ ಹಿಡಿಯಲು ಓಡಿ ಬಂದ ಅಕ್ಕ, ಯಂತ್ರದ ಲೆಕ್ಕದಲ್ಲಿ, ತಡೆದು ನಿಲ್ಲಿಸಿದ ಒಬ್ಬ ಕಳ್ಳ. ತಪ್ಪು ಕೂಡ ಗೆಲುವಿನ ಪಟ್ಟಿಯಲ್ಲಿ ಕೂತಿತ್ತು.

“ಆ ಗಂಡಸು ಹೆಂಗಸು, ಸಾಹೇಬ್ರೇ,” ಎಂದಳು. “ಅವರ ತಂಗಿ ನಿನ್ನೆ ಹೋದ್ರು. ಈ ಮೂವತ್ತೆಂಟು ಜನಾನೂ ಹೆಂಗಸರು. ನಾನು ಓಲೆ ಹಾಕಿ ಹಾಕಿ ನಿಮ್ಮ ಯಂತ್ರಕ್ಕೆ ಒಳ್ಳೆ ಹೆಸರು ತಂದೆ. ಕೆಲಸದಿಂದ ತೆಗೀತೀರಾದ್ರೆ ತೆಗೀರಿ. ಮೊದಲು ಇದನ್ನ ಓದಿ.”

ಸಾಹೇಬರು ಓದಿದರು. ಮುಖದ ಬಣ್ಣ ಇಳಿಯಿತು. “ಆದ್ರೆ ಗೇಟಮ್ಮ, ಕಳ್ಳರು ಬರ್ತಾರಲ್ಲ, ಅದಕ್ಕೇನು ಮಾಡೋದು?”

“ಕಳ್ಳಿ ಬಂದ್ರೆ? ಹಸಿರು ದೀಪ ಹಾಕಿ ಒಳಗೆ ಕಳಿಸುತ್ತಲ್ಲ ಇದು! ನಾವು ಕೇಳಬೇಕಾದ್ದು ಗಂಡೋ ಹೆಣ್ಣೋ ಅಂತಲ್ಲ, ನೀವು ಯಾರ ಕಡೆಯವರು ಅಂತ. ರೋಗಿಯ ಹತ್ರ ಕೇಳಿ ಹೆಸರು ಬರೆಸ್ಕೊಂಡು ಒಂದು ಚೀಟಿ ಕೊಟ್ರೆ ಮುಗೀತು. ಅದನ್ನ ನೋಡೋಕೆ ಕಣ್ಣಿರೋ ಒಬ್ಬರು ಅಲ್ಲಿ ಕೂತಿರಬೇಕು.”

ಸಾಹೇಬರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, “ಮೇಲಿನವರಿಗೆ ಕಳಿಸ್ತೀನಿ. ಆದ್ರೆ ನಿನ್ನೆಯ ದೂರಿಗೆ ಆ ಅಕ್ಕನ ಸಹಿ ಬೇಕು,” ಎಂದರು.

ತಂಗಿಯ ಬಟ್ಟೆ, ಲೋಟ, ಫೋನು ತೆಗೆದುಕೊಂಡು ಹೋಗಲು ವೆಲ್ಡಿಂಗ್ ಅಕ್ಕ ನಾಲ್ಕು ದಿನ ಬಿಟ್ಟು ಬಂದಳು. ಬೆಳಿಗ್ಗೆ ಎಂಟಕ್ಕೆ ಬಂದಳು, ಗಂಡಸರಿಗೂ ಬಿಡುವ ಹೊತ್ತಿಗೆ. ಅದನ್ನು ನೋಡಿ ಗೇಟಮ್ಮ ವಾಹನಗಳ ಕಡೆಯಿಂದ ಓಡಿ ಬಂದಳು. ದೂರಿನ ಕಾಗದ ಮುಂದಿಟ್ಟಳು.

“ಇದಕ್ಕೆ ಸಹಿ ಹಾಕಿದ್ರೆ ಅವಳು ಬರ್ತಾಳಾ?”

“ಇಲ್ಲಮ್ಮ.”

“ಮತ್ಯಾಕೆ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.”

“ನಾಳೆ ಇನ್ನೊಬ್ಬಳ ಅಕ್ಕ ಬರ್ತಾಳೆ. ಅವಳ ಹತ್ರ ಓಲೆ ಇರಲ್ಲ.”

ವೆಲ್ಡಿಂಗ್ ಅಕ್ಕ ಕಾಗದವನ್ನು ನೋಡುತ್ತ ನಿಂತಳು. ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಹೆಬ್ಬೆರಳಿನ ಮಸಿ ಕಾಗದಕ್ಕೂ ಹತ್ತಿತು. ಗೇಟಮ್ಮ ಅವಳ ಕೈ ಹಿಡಿಯಲು ಹೋದಳು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು, ಚೀಲ ಎತ್ತಿಕೊಂಡು, ಹಿಂದೆ ತಿರುಗಿ ನೋಡದೆ ಹೋದಳು. ಕ್ಷಮಿಸಿದಳೋ ಇಲ್ಲವೋ ಗೇಟಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಯಂತ್ರ ಇನ್ನೂ ಅಲ್ಲೇ ಇದೆ. ಆದರೆ ಈಗ ಅದರ ಕೆಂಪು ದೀಪಕ್ಕೆ ಬಾಗಿಲು ಹಾಕುವ ಅಧಿಕಾರವಿಲ್ಲ. ಗೇಟಮ್ಮ ಮತ್ತೆ ಸ್ಟೂಲಿಗೆ ಬಂದಿದ್ದಾಳೆ. ಬಂದವರ ಚೀಟಿ ನೋಡುತ್ತಾಳೆ, “ಯಾರ ಕಡೆಯವರು?” ಎಂದು ಬಾಯಿಬಿಟ್ಟು ಕೇಳುತ್ತಾಳೆ. ಯಂತ್ರ ತಪ್ಪಿದಾಗೆಲ್ಲ ಪುಸ್ತಕದಲ್ಲಿ ಬರೆಯುತ್ತಾಳೆ. ಒಂದು ಪುಸ್ತಕ ತುಂಬಿ ಎರಡನೆಯದು ನಡೆಯುತ್ತಿದೆ. ಓಲೆಯನ್ನು ಬಿಸಾಡಲು ಅವಳಿಗೆ ಮನಸ್ಸು ಬಂದಿಲ್ಲ. ಡ್ರಾಯರಿನಲ್ಲೇ ಇದೆ. ಯಾರಿಗೂ ಕೊಡುವುದಿಲ್ಲ.

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ಇಂಥ ಕ್ಯಾಮೆರಾ ನಿಮ್ಮ ಕಾರ್ಖಾನೆಯ ಬಾಗಿಲಿಗೂ ಬರಬಹುದು, ಹಾಸ್ಟೆಲಿಗೂ ಬರಬಹುದು, ಬಸ್ಸಿಗೂ ಬರಬಹುದು. ಬಂದಾಗ ಹೆದರಬೇಡಿ, ಹಾಗೆಂದು ಕಣ್ಣು ಮುಚ್ಚಿ ನಂಬಲೂ ಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಇದು ಪ್ರತ್ಯಕ್ಷವೂ ಅಲ್ಲ, ಬರೀ ಫೋಟೋ ನೋಡಿ ಮಾಡಿದ ಊಹೆ. ನಿಮ್ಮನ್ನು ತಪ್ಪಾಗಿ ಹೇಳಿದರೆ ನಿಮ್ಮ ಮುಖವನ್ನು ತಿದ್ದಿಕೊಳ್ಳಬೇಡಿ. ಓಲೆ ಸಿಕ್ಕಿಸಿಕೊಂಡು, ಟೋಪಿ ತೆಗೆದು, ಹೇಗೋ ದಾಟಿದರಾಯಿತು ಎನ್ನಬೇಡಿ. ಅಲ್ಲೇ ನಿಂತು, “ಮನುಷ್ಯರನ್ನು ಕರೆಯಿರಿ” ಎಂದು ಕೇಳಿ. ದಿನ, ಹೊತ್ತು, ಯಂತ್ರ ಏನೆಂದಿತು ಎನ್ನುವುದನ್ನು ಬರೆಸಿ, ಸಹಿ ಹಾಕಿ. ಗೇಟಿನ ಬಳಿ ಕೂತವರು ನೀವೇ ಆಗಿದ್ದರೆ, ನಿಮ್ಮ ಒಳ್ಳೆಯತನದಲ್ಲಿ ಯಂತ್ರದ ತಪ್ಪನ್ನು ಮುಚ್ಚಬೇಡಿ. ಇಂಥದ್ದನ್ನು ಕೊಂಡು ತರುವವರು ನೀವಾಗಿದ್ದರೆ ಒಂದೇ ಮಾತು: ಒಬ್ಬರು ಯಾರು ಎಂದು ತಿಳಿಯಬೇಕಾದರೆ ಅವರನ್ನೇ ಕೇಳಿ. ಕೇಳಲು ಮೂರು ಸೆಕೆಂಡೂ ಬೇಡ.

ಹನ್ನೊಂದನೇ ಹಾಸಿಗೆಯವಳು ಆ ಮಧ್ಯಾಹ್ನ ಬಾಗಿಲ ಕಡೆಯೇ ನೋಡುತ್ತಿದ್ದಳು. ಅವಳ ಅಕ್ಕ ಬಾಗಿಲ ಆಚೆಗೇ ಇದ್ದಳು. ನಿಮ್ಮವರು ಯಾರೂ ಹಾಗೆ ನೋಡುತ್ತ ಮಲಗುವಂತಾಗುವುದು ಬೇಡ.